ಮೂತ್ರಪಿಂಡ ಕೆಟ್ಟರೆ ಮೂಳೆ ಏಕೆ ಸವೆಯಬೇಕು?

ಸೀತಾನದಿಯ ಸೀಮೆಯ ಕೊಕ್ಕರ್ಣೆಯಂತಹ ಊರಿನ ಒಬ್ಬ ಕೃಷಿಕನನ್ನು ವಾಚಕರು ಕಲ್ಪಿಸಿಕೊಳ್ಳಲಿ. ವಯಸ್ಸು ಐವತ್ತರ ಸುಮಾರು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಗದ್ದೆಯಲ್ಲಿ ಬೆನ್ನು ಬಗ್ಗಿಸಿ, ಅಡಕೆಯ ಗೊನೆ ಹೊತ್ತು ಬಾಳಿದ ದೇಹಕ್ಕೆ ಸೊಂಟನೋವು ಬಂದರೆ ಆಶ್ಚರ್ಯವೇನೆಂದು ಅವನೂ ಭಾವಿಸುತ್ತಾನೆ, ಮನೆಯವರೂ ಭಾವಿಸುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ಬರುತ್ತದೆ. ಅದು ಸಾಲದಾದಾಗ ಸುಣ್ಣದ ಮಾತ್ರೆಯೂ ಬರುತ್ತದೆ. ಸೊಂಟನೋವೆಲ್ಲವೂ ಮೂತ್ರಪಿಂಡದ ದೋಷದಿಂದ ಬರುವುದಿಲ್ಲ, ನಿಜ. ಆದರೆ ಯಾರಲ್ಲಿ ಆ ದೋಷವಿದೆಯೋ ಅವರಿಗೆ ಈ ಎರಡು ಮಾತ್ರೆಗಳೂ ಹಿತವಲ್ಲ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸಿ, ಉಳಿದಿರುವ ಶಕ್ತಿಯನ್ನೂ ಕೆಡಿಸುತ್ತವೆ. ಪರೀಕ್ಷೆಯಿಲ್ಲದೆ ನುಂಗಿದ ಸುಣ್ಣವು ಮೂಳೆಯನ್ನು ಸೇರದೆ ರಕ್ತನಾಳಗಳ ಗೋಡೆಯಲ್ಲಿ ಕುಳಿತುಬಿಡಬಹುದು.

ಮೂತ್ರಪಿಂಡಕ್ಕೂ ಮೂಳೆಗೂ ಎಲ್ಲಿಯ ಸಂಬಂಧ? ಈ ಪ್ರಶ್ನೆ ಹೊಸದಲ್ಲ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದ ಹರೆಯದವರಲ್ಲಿ ಕಾಲುಮೂಳೆಗಳು ಬಾಗುವುದನ್ನು ಲ್ಯೂಕಸ್ ಎಂಬ ಆಂಗ್ಲ ವೈದ್ಯನು 1883ರಲ್ಲೇ ವರ್ಣಿಸಿದ್ದನು. ಕಾರಣವನ್ನು ಹೇಳಲು ಮಾತ್ರ ಇನ್ನೂ ಸುಮಾರು ತೊಂಬತ್ತು ವರ್ಷ ಬೇಕಾಯಿತು. 1970ರಲ್ಲಿ ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೊಡಿಸೆಕ್ ಒಂದು ಸರಳವಾದ ಪ್ರಯೋಗವನ್ನು ಮಾಡಿದರು. ಮೂತ್ರಪಿಂಡಗಳನ್ನು ತೆಗೆದುಹಾಕಿದ ಇಲಿಗಳಿಗೆ ‘ಡಿ’ ಜೀವಸತ್ತ್ವವನ್ನು ಕೊಟ್ಟಾಗ ಅದು ದೇಹದಲ್ಲಿ ತನ್ನ ಕ್ರಿಯಾಶೀಲ ರೂಪವನ್ನು ತಾಳಲೇ ಇಲ್ಲ. ಕೋಳಿಯ ಮೂತ್ರಪಿಂಡವನ್ನು ಅರೆದ ದ್ರವದಲ್ಲಾದರೋ ಆ ರೂಪವು ಸಿದ್ಧವಾಯಿತು. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟಿದ ‘ಡಿ’ ಜೀವಸತ್ತ್ವವು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ಮಾರ್ಪಟ್ಟ ಮೇಲೆಯೇ ಕರುಳು ಸುಣ್ಣವನ್ನು ಚೆನ್ನಾಗಿ ಹೀರುವಂತೆ ಮಾಡಬಲ್ಲದು. ಮೂತ್ರಪಿಂಡವು ಬರಿಯ ಸೋಸುವ ಜಾಲರಿಯಲ್ಲ, ಹಾರ್ಮೋನನ್ನು ತಯಾರಿಸುವ ಅಂಗವೂ ಹೌದೆಂಬುದು ಹೀಗೆ ಖಚಿತವಾಯಿತು. ನಮ್ಮ ಕರಾವಳಿಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಮೂತ್ರಪಿಂಡ ಸೋತವನಿಗೆ ಬಿಸಿಲೊಂದೇ ಸಾಲದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2000ರಲ್ಲಿ ಎಫ್‌ಜಿಎಫ್-23 ಎಂಬ ಹಾರ್ಮೋನು ಬೆಳಕಿಗೆ ಬಂದಿತು. ಇದನ್ನು ಸ್ರವಿಸುವುದು ಮೂಳೆಯೇ! ಮೂತ್ರಪಿಂಡದ ಶಕ್ತಿ ಕುಗ್ಗತೊಡಗಿದಾಗ, ಆಹಾರದಿಂದ ಬಂದ ರಂಜಕವನ್ನು ಹೊರಹಾಕುವ ಭಾರವು ಉಳಿದ ಸೋಸುಘಟಕಗಳ ಮೇಲೆ ಬೀಳುತ್ತದೆ. ಅವುಗಳನ್ನು ದುಡಿಸಲು ಮೂಳೆಯು ಈ ಹಾರ್ಮೋನನ್ನು ಹೆಚ್ಚುಹೆಚ್ಚಾಗಿ ಕಳುಹಿಸುತ್ತದೆ. ರಂಜಕವೇನೋ ಹೊರಗೆ ಹೋಗುತ್ತದೆ. ಆದರೆ ಅದೇ ಹಾರ್ಮೋನು ಕ್ರಿಯಾಶೀಲ ‘ಡಿ’ ಜೀವಸತ್ತ್ವದ ತಯಾರಿಯನ್ನು ತಡೆಯುತ್ತದೆ. ಸುಣ್ಣದ ಹೀರಿಕೆ ಇಳಿಯುತ್ತದೆ. ಆಗ ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚತ್ತು, ಮೂಳೆಯಿಂದ ಸುಣ್ಣವನ್ನು ಸೆಳೆದು ರಕ್ತಕ್ಕೆ ತುಂಬುತ್ತವೆ. ದೇಹದ ಸುಣ್ಣದಲ್ಲಿ ನೂರಕ್ಕೆ 99 ಪಾಲು ಇರುವುದು ಮೂಳೆ ಹಲ್ಲುಗಳಲ್ಲಿ. ಬಿತ್ತನೆಗೆ ಇಟ್ಟ ಬೀಜದ ಭತ್ತವನ್ನೇ ಕುಟ್ಟಿ ಉಂಡು ದಿನ ಕಳೆಯುವ ಮನೆಯಂತಾಗುತ್ತದೆ ದೇಹದ ಸ್ಥಿತಿ. ರಕ್ತದ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಕಣಜ ಮಾತ್ರ ಬರಿದಾಗುತ್ತಿರುತ್ತದೆ.

ಇದರಲ್ಲಿ ಇನ್ನೊಂದು ತೊಡಕೂ ಉಂಟು. ಒಬ್ಬ ರೋಗಿಯಲ್ಲಿ ಮೂಳೆಯು ಅತಿವೇಗದಿಂದ ಕರಗಿ ಕಟ್ಟುತ್ತಿರಬಹುದು. ಮತ್ತೊಬ್ಬನಲ್ಲಿ ಆ ಕೆಲಸವೇ ನಿಂತಂತಾಗಿರಬಹುದು. ಇಬ್ಬರ ನೋವೂ ಒಂದೇ, ಚಿಕಿತ್ಸೆ ಬೇರೆ. ನಿಶ್ಚಯವಾಗಿ ತಿಳಿಯಬೇಕಾದರೆ ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಟೆಟ್ರಾಸೈಕ್ಲಿನ್ ಕೊಟ್ಟು, ಸೊಂಟದ ಮೂಳೆಯ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಸದಾಗಿ ಕಟ್ಟಿದ ಮೂಳೆಯಲ್ಲಿ ಆ ಔಷಧವು ಹೊಳೆಯುವ ಎರಡು ಗೆರೆಗಳನ್ನು ಎಳೆದಿರುತ್ತದೆ. ಗೆರೆಗಳ ನಡುವಣ ದೂರವೇ ಮೂಳೆ ಬೆಳೆದ ವೇಗದ ಅಳತೆ. ಎಷ್ಟು ಸೊಗಸಾದ ಉಪಾಯ! ಆದರೆ ಈ ಪರೀಕ್ಷೆ ನಡೆಯುವ ಸ್ಥಳಗಳು ವಿರಳ. ಆದ್ದರಿಂದ ವೈದ್ಯರು ರಕ್ತಪರೀಕ್ಷೆಗಳನ್ನೇ ನಂಬಬೇಕಾಗಿದೆ. ಆ ರಕ್ತಪರೀಕ್ಷೆಯೂ ಆಗದಿದ್ದರೆ?

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಪ್ರಕಟವಾದ ಮೇಲೆ ಈ ಚಿಕಿತ್ಸೆ ಬಡವರಿಗೂ ಎಟಕುವಂತಾಯಿತು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳು ಬಂದವು. ಇದು ಸಣ್ಣ ಸಾಧನೆಯಲ್ಲ. ಆದರೆ ಯಂತ್ರವು ರಕ್ತವನ್ನು ತೊಳೆಯುವುದೇ ಹೊರತು ಮೂಳೆಯನ್ನು ಕಾಯುವುದಿಲ್ಲ. ರಂಜಕದ ಬಹುಭಾಗ ಜೀವಕೋಶಗಳೊಳಗೆ ಮತ್ತು ಮೂಳೆಯಲ್ಲಿ ಅಡಗಿರುವುದರಿಂದ ನಾಲ್ಕು ಗಂಟೆಯ ಡಯಾಲಿಸಿಸ್ ಅದನ್ನು ಸಾಕಷ್ಟು ತೆಗೆಯಲಾರದು. ನೀರು ಶುದ್ಧವಿಲ್ಲದಿದ್ದರೆ ಯಂತ್ರವೇ ಮೂಳೆಗೆ ಶತ್ರುವಾಗಬಹುದು. 1970ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಯಾಲಿಸಿಸ್ ರೋಗಿಗಳ ಮೂಳೆಗಳು ಮುರಿಯತೊಡಗಿದಾಗ, ನೀರಿನಲ್ಲಿದ್ದ ಅಲ್ಯೂಮಿನಿಯಮ್ಮೇ ಕಾರಣವೆಂದು ಸಂಶೋಧಕರು ಕಂಡುಹಿಡಿದರು. ನೀರನ್ನು ಶುದ್ಧಗೊಳಿಸಿದ ಮೇಲೆ ಆ ರೋಗ ಇಳಿಯಿತು. ಪ್ರಯೋಗಶಾಲೆಯ ತಿಳಿವಳಿಕೆ ಆಸ್ಪತ್ರೆಯ ನಲ್ಲಿಯವರೆಗೆ ತಲಪಿದ್ದರ ಫಲವಿದು.

ಅಂತಹ ತಲಪುವಿಕೆಯೇ ನಮ್ಮಲ್ಲಿಯೂ ಆಗಬೇಕಾಗಿದೆ. ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡವಿರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗಲಿ. ಮೂತ್ರಪಿಂಡದ ಶಕ್ತಿ 60ಕ್ಕಿಂತ ಕೆಳಗಿಳಿದವರಲ್ಲಿ ಸುಣ್ಣ, ರಂಜಕ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನುಗಳನ್ನು ಅಳೆಯತೊಡಗಬೇಕೆಂದು ಅಂತರರಾಷ್ಟ್ರೀಯ ಮಾರ್ಗದರ್ಶಿಗಳೇ ಹೇಳುತ್ತವೆ. ಖರ್ಚಿನ ಮಾತನ್ನು ಕೆಲವರು ಎತ್ತಬಹುದು. ಸುಣ್ಣ ಮತ್ತು ರಂಜಕದ ಪರೀಕ್ಷೆಗಳು ದುಬಾರಿಯಲ್ಲ. ಹಾರ್ಮೋನಿನ ಪರೀಕ್ಷೆ ತಿಂಗಳು ತಿಂಗಳೂ ಬೇಕಿಲ್ಲ. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದವನ ಮನೆಯ ಖರ್ಚನ್ನು ಯಾವ ಲೆಕ್ಕಕ್ಕೆ ಬರೆಯೋಣ?

ಪಥ್ಯದ ವಿಷಯದಲ್ಲಿಯೂ ನಮ್ಮ ಊಟಕ್ಕೆ ಹೊಂದುವ ಮಾತು ಬೇಕು. ಬೇಳೆಕಾಳುಗಳಲ್ಲಿರುವ ರಂಜಕದ ಹೆಚ್ಚಿನ ಪಾಲನ್ನು ಕರುಳು ಸುಲಭವಾಗಿ ಹೀರದು; ಪೊಟ್ಟಣದ ತಿಂಡಿಗಳಿಗೂ ಕೋಲಾ ಪಾನೀಯಗಳಿಗೂ ಬೆರೆಸಿದ ರಂಜಕವಾದರೋ ಬಹುಮಟ್ಟಿಗೆ ರಕ್ತಕ್ಕೆ ಸೇರಿಬಿಡುತ್ತದೆ. ಕುಚ್ಚಲಕ್ಕಿಯ ಗಂಜಿ, ಮೀನು, ತೆಂಗಿನಕಾಯಿ ಇವುಗಳನ್ನು ಉಣ್ಣುವ ಜನರ ಮೂಳೆಗಳನ್ನು ಕುರಿತು ವಿದೇಶದ ಪುಸ್ತಕದಿಂದ ಪೂರ್ಣ ಉತ್ತರ ದೊರೆಯದು. ಕೊಕ್ಕರ್ಣೆಗೆ ಬಹಳ ದೂರವಲ್ಲದ ಮಣಿಪಾಲದಲ್ಲಿ 1953ರಷ್ಟು ಹಿಂದೆಯೇ ವೈದ್ಯಕೀಯ ಕಾಲೇಜು ತಲೆಯೆತ್ತಿತು. ಅಂತಹ ವಿದ್ಯಾಕೇಂದ್ರಗಳ ಪ್ರಯೋಗಶಾಲೆಗಳೂ ತಾಲ್ಲೂಕಿನ ಡಯಾಲಿಸಿಸ್ ಕೋಣೆಗಳೂ ಕೈಜೋಡಿಸಿದರೆ ಆ ಉತ್ತರವನ್ನು ನಾವೇ ಪಡೆಯಬಹುದು.

ಇಲಿಯ ಮೂತ್ರಪಿಂಡದಿಂದ ಕಲಿತದ್ದು ಮನುಷ್ಯನ ಮೂಳೆಗೆ ಉಪಕಾರವಾಗಬೇಕು. ಸೊಂಟನೋವೆಂದು ಮತ್ತೊಂದು ಮಾತ್ರೆಗೆ ಕೈಚಾಚುವ ಸಕ್ಕರೆ ಕಾಯಿಲೆಯವನಿಗೆ, ಮೊದಲು ಮೂತ್ರಪಿಂಡವನ್ನು ಪರೀಕ್ಷಿಸಿಕೊಳ್ಳಯ್ಯಾ ಎಂದು ಹೇಳುವವರೊಬ್ಬರು ಪ್ರತಿ ಊರಿನಲ್ಲಿಯೂ ಇರಲಿ. ಆ ಕೆಲಸವನ್ನು ನಮ್ಮ ವಾಚಕರೇ ಇಂದಿನಿಂದ ಆರಂಭಿಸಬಹುದಲ್ಲವೆ?