ಸೀನಿಯರ್ ಕೊಟ್ಟ ಫೋಲ್ಡರ್ ಬೇಡ ಕಣ್ರೋ! (ಭಾಗ 4)

ವೈಲ್ಡ್‌ಫ್ಲೈ ಇನ್‌ಸ್ಟಾಲ್ ಮಾಡೋದು ಅಂದ್ರೆ ಸೀನಿಯರ್ ಪೆನ್‌ಡ್ರೈವ್‌ನಿಂದ ಫೋಲ್ಡರ್ ಕಾಪಿ ಹೊಡೆಯೋದಲ್ಲ. ಅದರ ಜೊತೆ ಅವರು ಮಾಡಿಟ್ಟ ಅಡ್ಮಿನ್ ಯೂಸರ್, ಪಾಸ್‌ವರ್ಡ್ ಕೂಡ ಬರುತ್ತೆ. ಇಡೀ ಕ್ಲಾಸಿಗೆ ಒಂದೇ ಬೀಗದ ಕೈ!

ಹೊಸದಾಗಿ ಇಳಿಸಿದ ಸರ್ವರ್‌ನಲ್ಲಿ ಅಡ್ಮಿನ್ ಯೂಸರೇ ಇರಲ್ಲ, ನೀವೇ ಸೇರಿಸಬೇಕು. ಕನ್ಸೋಲ್ 127.0.0.1ರಲ್ಲಿ, ಅಂದ್ರೆ ನಿಮ್ಮ ಲ್ಯಾಪ್‌ಟಾಪ್‌ಗೆ ಮಾತ್ರ ಸಿಗುತ್ತೆ. ಯಾರೋ ಅದನ್ನ 0.0.0.0 ಮಾಡಿಟ್ಟಿದ್ರೆ? ಹಾಸ್ಟೆಲ್ ವೈಫೈಯಲ್ಲಿರೋರು ಯಾರು ಬೇಕಾದ್ರೂ ನಿಮ್ಮ 9990 ಪೋರ್ಟ್‌ನ ಬಾಗಿಲು ತಟ್ಟಬಹುದು.

"ಟೈಮ್ ಇಲ್ಲ" ಅನ್ಬೇಡಿ. ಜಾವಾ ಹಾಕಿ, ಜಿಪ್ ಬಿಚ್ಚಿ, ಆಡ್-ಯೂಸರ್ ಸ್ಕ್ರಿಪ್ಟ್ ಓಡಿಸಿ, ಸ್ಟ್ಯಾಂಡ್‌ಅಲೋನ್ ಶುರು ಮಾಡಿ. ಅಷ್ಟೇ! 8080 ಪೋರ್ಟ್ ಆಗಲೇ ಬೇರೆಯವರ ಕೈಲಿದೆ ಅಂತ ಎರರ್ ಬಂತಾ? ಲಾಗ್ ಓದಿ. ನಾಳೆ ಕೆಲಸದಲ್ಲಿ ಸರ್ವರ್ ಬಿದ್ದಾಗ ಕೈ ಹಿಡಿಯೋದು ಆ ಅಭ್ಯಾಸವೇ, ಪೆನ್‌ಡ್ರೈವ್ ಅಲ್ಲ.