ತಪ್ಪು ಗುಮಾಸ್ತನದೇ, ಪರದೆಯದೇ?

2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿಬ್ಯಾಂಕ್, ರೆವ್ಲಾನ್ ಕಂಪನಿಯ ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನಷ್ಟೇ ಪಾವತಿಸುವ ಬದಲು, ಅಸಲೂ ಸೇರಿದಂತೆ ಸುಮಾರು 90 ಕೋಟಿ ಡಾಲರ್ ರವಾನಿಸಿತು. ಅಸಲನ್ನು ಆಂತರಿಕ ಖಾತೆಗೆ ತಿರುಗಿಸಲು ಪರದೆಯಲ್ಲಿ ಮೂರು ಚೌಕಗಳನ್ನು ಗುರುತಿಸಬೇಕಿತ್ತು, ಗುರುತಿಸಿದ್ದು ಒಂದನ್ನೇ. ಮೂವರು ಪರಿಶೀಲಿಸಿದರೂ ದೋಷ ಕಾಣಲಿಲ್ಲ. ಹಣ ಹೊರಹೋಗುವುದೆಂದು ಎಚ್ಚರಿಸಿದ ಪರದೆ, ಮೊತ್ತವೆಷ್ಟೆಂದು ತಿಳಿಸಲಿಲ್ಲ. ಹಿಂದಿರುಗದ ಸುಮಾರು 50 ಕೋಟಿ ಡಾಲರಿಗಾಗಿ ಹೂಡಿದ ವ್ಯಾಜ್ಯದಲ್ಲಿ 2021ರಲ್ಲಿ ಸೋತ ಬ್ಯಾಂಕ್, 2022ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು.

ಗುಮಾಸ್ತನನ್ನು ದೂರುವುದು ಸುಲಭ. ಆದರೆ ಅಸ್ಪಷ್ಟ ಪರದೆಯ ಮುಂದೆ ಮೂವರ ಒಪ್ಪಿಗೆಯೂ ನಿರರ್ಥಕ. ಲೆಕ್ಕಪತ್ರದ ತಂತ್ರಾಂಶ ಕೊಳ್ಳುವ ವರ್ತಕರು ಬೆಲೆಯನ್ನಷ್ಟೇ ವಿಚಾರಿಸದೆ, ನಿತ್ಯ ಬಳಸುವ ಗುಮಾಸ್ತನಿಂದಲೇ ಒಂದು ದಿನದ ಬಿಲ್ಲುಗಳನ್ನು ನಮೂದಿಸಿ ನೋಡುವುದು ಲೇಸು. ಅವನು ತಡವರಿಸುವ ಕಡೆಯಲ್ಲೇ ನಾಳಿನ ನಷ್ಟ ಅಡಗಿರುತ್ತದೆ.