ಬಾಗಿಲಿಗೊಂದು ಭಾಷೆ

ನೌಕರಿಯ ನಿಮಿತ್ತ ಮೊರಾಕೊ ದೇಶದ ರಬಾತ್ ನಗರಕ್ಕೆ ಹೋಗಿ ನೆಲೆಸುವ ಪರದೇಶದ ಕುಟುಂಬವು ಮೊದಲ ವಾರದಲ್ಲಿಯೇ ಒಂದು ಸಂಗತಿಯನ್ನು ಅರಿತುಕೊಳ್ಳುತ್ತದೆ. ಹೊರಡುವ ಮುನ್ನ ಪುಸ್ತಕ ನೋಡಿ ಕಲಿತ ಅರಬ್ಬೀ ಭಾಷೆ ಅಲ್ಲಿ ತರಕಾರಿ ಕೊಳ್ಳಲು ಸಾಲದು. ಬೆಲೆ ಎಷ್ಟೆಂದು ಕೇಳಲು ಪುಸ್ತಕವು ‘ಬಿಕಮ್’ ಎನ್ನುತ್ತದೆ. ಸಂತೆಯ ಜನ ‘ಬ್‌ಶ್‌ಹಾಲ್’ ಎನ್ನುತ್ತಾರೆ. ‘ಈಗ’ ಎಂಬುದಕ್ಕೆ ಪುಸ್ತಕದಲ್ಲಿ ‘ಅಲ್‌ಆನ್’, ಬೀದಿಯಲ್ಲಿ ‘ದಾಬಾ’. ಈ ಬೀದಿಯ ಮಾತಿನ ಹೆಸರು ದಾರಿಜಾ. ಮನೆಯಲ್ಲಿ, ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ ಅದರದೇ ರಾಜ್ಯ. ಶಾಲೆಯ ಪಠ್ಯವೋ ಬೇರೆ ಭಾಷೆಯದು.

ಕಾಗದಪತ್ರದ ಲೋಕ ಇನ್ನೊಂದು. ಮೂರು ತಿಂಗಳು ಮೀರಿ ಉಳಿಯುವವರು ಪೊಲೀಸ್ ಇಲಾಖೆಯಿಂದ ನಿವಾಸಪತ್ರ ಪಡೆಯಬೇಕು. ಅದಕ್ಕೆ ಬಾಡಿಗೆಯ ಕರಾರು ಬೇಕು. ಕರಾರಿನ ಮೇಲಿನ ಸಹಿಗೆ ಸರಕಾರಿ ಕಚೇರಿಯ ಮೊಹರು ಬೇಕು. ಅಲ್ಲಿ ನಡೆಯುವುದು ಫ್ರೆಂಚ್ ಮತ್ತು ಬರವಣಿಗೆಯ ಅರಬ್ಬೀ. 1912ರಿಂದ 1956ರವರೆಗೆ ದೇಶದ ಬಹುಭಾಗವನ್ನು ಆಳಿದ ಫ್ರೆಂಚರು ಹೋದರೂ ಅವರ ಭಾಷೆ ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಉಳಿದುಕೊಂಡಿತು. ಓಣಿಯಲ್ಲಿ ಯಾರು ಎಲ್ಲಿ ವಾಸಿಸುತ್ತಾರೆಂಬುದನ್ನು ಬಲ್ಲ ಸರಕಾರದ ಮನುಷ್ಯನೊಬ್ಬನಿರುತ್ತಾನೆ; ಅವನನ್ನು ‘ಮುಕದ್ದಮ್’ ಎಂದು ಕರೆಯುತ್ತಾರೆ. ಕಬ್ಬು ಕಡಿಯುವ ತಂಡದ ಮುಕಾದಮನನ್ನು ಬಲ್ಲ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಈ ಶಬ್ದ ಹೊಸದೇನಲ್ಲ. ಅರಬ್ಬೀ ಮೂಲದ ಒಂದೇ ಪದ ಎರಡು ದಿಕ್ಕಿಗೆ ಹರಿದು, ಅಲ್ಲಿ ಓಣಿಯ ಅಧಿಕಾರಿಯೂ ಇಲ್ಲಿ ಕೂಲಿಗಳ ಮುಂದಾಳುವೂ ಆಯಿತು.

ಹೊಸಬರನ್ನು ನಿಜವಾಗಿ ಪರೀಕ್ಷಿಸುವುದು ಲೆಕ್ಕ. ನಾಣ್ಯದ ಮೇಲೆ ದಿರ್ಹಮ್ ಎಂದಿರುತ್ತದೆ. ಸಂತೆಯ ಹಿರಿಯರು ಹೇಳುವುದು ರಿಯಾಲ್‌ನಲ್ಲಿ. ಒಂದು ದಿರ್ಹಮ್‌ಗೆ 20 ರಿಯಾಲ್. ನೂರು ಎಂದು ಕೇಳಿ ಗಾಬರಿಗೊಂಡವರು ಕೊಡಬೇಕಾದುದು ಬರಿಯ ಐದು ದಿರ್ಹಮ್. ರಿಯಾಲಿನ ನಾಣ್ಯ ಯಾರ ಕೈಯಲ್ಲೂ ಇಲ್ಲ, ಮಾತಿನಲ್ಲಿ ಮಾತ್ರ ಇದೆ. ನಮ್ಮ ಹಿರಿಯರು ಆಣೆ ಹೋದ ಮೇಲೂ ನಾಲ್ಕಾಣೆ, ಎಂಟಾಣೆ ಎನ್ನುತ್ತಿದ್ದರಲ್ಲವೆ? ಊರೊಳಗಿನ ಚಿಕ್ಕ ಟ್ಯಾಕ್ಸಿ ರಬಾತಿನಲ್ಲಿ ನೀಲಿ, ಕಾಸಾಬ್ಲಾಂಕಾದಲ್ಲಿ ಕೆಂಪು. ಅದರಲ್ಲಿ ಮೂವರಿಗಷ್ಟೇ ಅವಕಾಶ. ನಾಲ್ವರ ಸಂಸಾರಕ್ಕೆ ಎರಡು ಟ್ಯಾಕ್ಸಿ ಬೇಕು.

ಮನೆಯಾಕೆಗೆ ದಾರಿಜಾ ಕಲಿಸುವವರು ಮೇಷ್ಟರಲ್ಲ. ಮೂಲೆಯ ಅಂಗಡಿಯವನು, ಪಕ್ಕದ ಮನೆಯ ಅಜ್ಜಿ. ಹಳೆಯ ಓಣಿಗಳಲ್ಲಿ ಇನ್ನೂ ‘ಫೆರ್ರಾನ್’ ಎಂಬ ಸಾಮೂಹಿಕ ಒಲೆಗಳಿವೆ. ಮನೆಯಲ್ಲಿ ನಾದಿ ತಟ್ಟಿದ ರೊಟ್ಟಿಯನ್ನು ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಅಲ್ಲಿಗೆ ಕಳುಹಿಸುತ್ತಾರೆ. ಯಾರ ರೊಟ್ಟಿ ಯಾವುದೆಂದು ಒಲೆಯವನಿಗೆ ಗೊತ್ತು. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಶುಕ್ರವಾರದ ‘ಏಳು ತರಕಾರಿಯ ಕುಸ್‌ಕುಸ್’ ಎಂಬುದರಲ್ಲಿಯೂ ಬಹುಮಟ್ಟಿಗೆ ಮಾಂಸವಿರುತ್ತದೆ. ಆದರೆ ರವೆಯ ಹಿಟ್ಟನ್ನು ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸುವ, ಮೈತುಂಬ ತೂತಿರುವ ‘ಬಘ್ರೀರ್’ ಕಂಡಾಗ ದೋಸೆಯ ನಾಡಿನವರ ಮುಖ ಅರಳುತ್ತದೆ.

ಕಠಿಣವಾದ ನಿರ್ಧಾರ ಮಕ್ಕಳ ಶಾಲೆಯದು. ಶುಲ್ಕ ದುಬಾರಿಯಾದ ಫ್ರೆಂಚ್ ಶಾಲೆಯೇ, ಅರಬ್ಬೀಯಲ್ಲಿ ಅಕ್ಷರಾಭ್ಯಾಸ ಮಾಡಿಸುವ ಸರಕಾರಿ ಶಾಲೆಯೇ? ನೆರೆಹೊರೆಯವರನ್ನು ಕೇಳಿದರೆ ಅವರದೇ ನೋವು ಹೊರಬರುತ್ತದೆ. ಸ್ವಾತಂತ್ರ್ಯದ ಬಳಿಕ ಶಾಲೆಗಳನ್ನು ಅರಬ್ಬೀಗೆ ತಿರುಗಿಸುವ ಕಾರ್ಯ ಆರಂಭವಾಗಿ, 1980ರ ದಶಕದ ಕೊನೆಯ ಹೊತ್ತಿಗೆ ಪ್ರೌಢಶಾಲೆಯ ಗಣಿತ, ವಿಜ್ಞಾನಗಳೂ ಅರಬ್ಬೀಗೆ ಬಂದವು. ವಿಶ್ವವಿದ್ಯಾಲಯದ ವಿಜ್ಞಾನ ಮಾತ್ರ ಫ್ರೆಂಚಿನಲ್ಲಿಯೇ ಉಳಿಯಿತು. ಹೊಸ್ತಿಲು ದಾಟಿದೊಡನೆ ವಿದ್ಯಾರ್ಥಿಗೆ ತಾನು ಬಲ್ಲ ಪಾಠವೇ ಅಪರಿಚಿತವಾಯಿತು. ಉಳ್ಳವರು ಮಕ್ಕಳನ್ನು ಮೊದಲೇ ಫ್ರೆಂಚ್ ಶಾಲೆಗೆ ಹಾಕಿದ್ದರು. ಎಡವಿದವರು ಬಡವರ ಮಕ್ಕಳು. 2019ರ ಶಿಕ್ಷಣ ಕಾನೂನು ವಿಜ್ಞಾನವನ್ನು ಶಾಲೆಯಲ್ಲಿಯೇ ಮತ್ತೆ ಫ್ರೆಂಚಿನಲ್ಲಿ ಕಲಿಸಲು ದಾರಿ ಮಾಡಿತು. ಅದರ ಮೇಲಿನ ವಾಗ್ವಾದ ಸಣ್ಣದಾಗಿರಲಿಲ್ಲ. ಶಾಲೆಯ ಭಾಷೆಯನ್ನು ಬದಲಿಸಿ ಕಾಲೇಜಿನ ಭಾಷೆಯನ್ನು ಹಾಗೆಯೇ ಬಿಟ್ಟುದು ಸರಕಾರದ ತಪ್ಪು. ಅದರ ದಂಡವನ್ನು ತೆತ್ತವರು ಮಕ್ಕಳು.

ಇವೆಲ್ಲಕ್ಕಿಂತ ಹಳೆಯ ನುಡಿಯೊಂದು ಆ ನೆಲದಲ್ಲಿದೆ: ಬೆಟ್ಟದ ಸೀಮೆಯ ಅಮಾಜಿಗ್ ಜನರ ತಮಾಜಿಗ್ತ್. ಶಾಲೆಯ ಹೊರಗೆ ಬಹುಕಾಲ ನಿಂತಿದ್ದ ಅದು 2003ರಲ್ಲಿ, ತಿಫಿನಾಗ್ ಎಂಬ ತನ್ನದೇ ಲಿಪಿಯೊಡನೆ, ತರಗತಿಯೊಳಕ್ಕೆ ಕಾಲಿಟ್ಟಿತು. 2011ರ ಸಂವಿಧಾನ ಅದನ್ನು ಅರಬ್ಬೀಯ ಜೊತೆಗೆ ಅಧಿಕೃತ ಭಾಷೆಯೆಂದು ಘೋಷಿಸಿತು. ಈಗ ಸರಕಾರಿ ಕಟ್ಟಡಗಳ ಮೇಲೆ ಅದರ ವೃತ್ತ, ಗೆರೆಗಳ ಅಕ್ಷರಗಳು ಕಾಣುತ್ತವೆ. ಎಲ್ಲ ಶಾಲೆಗಳಿಗೆ ಅಧ್ಯಾಪಕರನ್ನು ಒದಗಿಸುವ ಕೆಲಸ ಮಾತ್ರ ನಿಧಾನ. ಫಲಕ ಬರೆಯಿಸಿದಷ್ಟು ಸುಲಭವಾಗಿ ಮೇಷ್ಟರು ಸಿಗುವುದಿಲ್ಲ.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪಕ್ಕದ ನೇಕಾರರ ಓಣಿಯಲ್ಲಿ ತೆಲುಗು ಕೇಳಿ ಬೆಳೆದ ಸೊಲ್ಲಾಪುರದ ಮಗುವೊಂದು ಅಲ್ಲಿಗೆ ಹೋದರೆ ಇಷ್ಟೊಂದು ನುಡಿಗಳ ನಡುವೆ ಕಂಗೆಡಲಾರದು. ಕಂಗೆಡುವವರು ದೊಡ್ಡವರು. ಆರು ತಿಂಗಳಾದರೂ ತಂದೆ ಬ್ಯಾಂಕಿನಲ್ಲಿ ಫ್ರೆಂಚ್ ವಾಕ್ಯ ಕಟ್ಟಲು ತಡವರಿಸುತ್ತಿರುವಾಗ, ಮಗ ರೊಟ್ಟಿಯ ಹಲಗೆ ಹೊತ್ತು ಒಲೆಯವನೆದುರು ನಿಂತು, ‘ದಾಬಾ, ದಾಬಾ’ ಎಂದು ಅವಸರಪಡಿಸುತ್ತಿರುತ್ತಾನೆ.